ಓಡದಿರಲೆಂದು ಕೊಂಡ ಪಂಪು

ಮನೆಗೆ ಯಾವ ಯಂತ್ರ ಬಂದರೂ ಅದು ಚೆನ್ನಾಗಿ ಓಡಲಿ ಎಂದು ನಾವು ಅರಿಸಿನ ಕುಂಕುಮ ಹಚ್ಚುತ್ತೇವೆ. ಸಮುದ್ರದ ನಡುವೆ ತೈಲ, ಅನಿಲ ತೆಗೆಯುವ ಪ್ಲಾಟ್‌ಫಾರಂಗಳಿಗೆ ಕೊಳ್ಳುವ ಒಂದು ಪಂಪಿನ ಮಟ್ಟಿಗೆ ಮಾತ್ರ ಎಲ್ಲರ ಹಾರೈಕೆಯೂ ಉಲ್ಟಾ. ಇದು ಎಂದೂ ಓಡುವ ಪ್ರಸಂಗ ಬಾರದಿರಲಿ ಎಂದೇ ಅದನ್ನು ಕೊಳ್ಳುತ್ತಾರೆ. ಅದು ಬೆಂಕಿ ಆರಿಸುವ ಪಂಪು.

ಸಮುದ್ರದ ಪಂಪಿಗೂ ನಮಗೂ ಏನು ಸಂಬಂಧ ಎನ್ನಬೇಡಿ. 1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕಿತು. ಅಲ್ಲಿಂದ ಬರುವ ಅನಿಲದ ಒಂದು ಪಾಲು ಉರಣ್‌ನ ಕಾರ್ಖಾನೆಯಲ್ಲಿ ಅಡುಗೆ ಅನಿಲವಾಗಿ ಸಿಲಿಂಡರಿಗೆ ಇಳಿಯುತ್ತದೆ. ನಾವು ಹಾಲು ಕಾಯಿಸುವ ನೀಲಿ ಜ್ವಾಲೆಯ ಹಿಂದೆ ನೆಲವೇ ಕಾಣದ ಕಡೆ ದುಡಿಯುವ ಜನ ಇದ್ದಾರೆ.

ಈ ಪಂಪನ್ನು ಆರಿಸುವ ಕ್ರಮ ಕೇಳಿದರೆ ಹೆಣ್ಣಿಗೆ ಗಂಡು ಹುಡುಕುವವರಿಗಿಂತ ಹೆಚ್ಚು ಎಚ್ಚರ ಇದರಲ್ಲಿದೆ ಅನ್ನಿಸುತ್ತದೆ. ಸುತ್ತ ನೀರೋ ನೀರು, ಆದರೆ ಅದನ್ನು ಮೇಲೆತ್ತುವುದೇ ಕಷ್ಟ. ಮೇಲೆ ಕೂತು ನೀರು ಹೀರುವ ಪಂಪು ಸುಮಾರು 10 ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಗಾಳಿಯ ಒತ್ತಡಕ್ಕೆ ಇರುವ ಬಲವೇ ಅಷ್ಟು. ಪ್ಲಾಟ್‌ಫಾರಮ್ಮಿನ ಮಹಡಿಯೋ ಅಲೆಗಳಿಂದ ಅದಕ್ಕಿಂತ ಎಷ್ಟೋ ಎತ್ತರದಲ್ಲಿ. ಹಾಗಾಗಿ ಪಂಪಿನ ಚಕ್ರಗಳನ್ನೇ ಉದ್ದದ ಕೊಳವೆಯಲ್ಲಿ ಸಮುದ್ರದೊಳಗೆ ಇಳಿಬಿಡುತ್ತಾರೆ. ಉಪ್ಪುನೀರು ಸಾಧಾರಣ ಕಬ್ಬಿಣವನ್ನು ತಿಂದುಹಾಕುವುದರಿಂದ ನಿಕ್ಕಲ್ ಬೆರೆತ ಕಂಚನ್ನೋ ವಿಶೇಷ ಸ್ಟೀಲನ್ನೋ ಬಳಸಬೇಕು. ಬೆಂಕಿ ಬಿದ್ದ ಕೂಡಲೇ ಕರೆಂಟು ಹೋಗಬಹುದು, ಆದ್ದರಿಂದ ತನ್ನದೇ ಟ್ಯಾಂಕು, ತನ್ನದೇ ಬ್ಯಾಟರಿ ಇರುವ ಡೀಸೆಲ್ ಎಂಜಿನ್ ಬೇಕು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡನೆಯದು ದೂರದ ಮೂಲೆಯಲ್ಲಿ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ನಮ್ಮ ಮಿಕ್ಸಿಯ ಅಡಿಯಲ್ಲಿ ಪುಟ್ಟ ಕೆಂಪು ಗುಂಡಿ ಇರುತ್ತದಲ್ಲ? ಭಾರ ಹೆಚ್ಚಾದರೆ ತಾನೇ ನಿಂತು ಮೋಟಾರನ್ನು ಉಳಿಸುತ್ತದೆ. ಬೆಂಕಿಯ ಪಂಪಿಗೆ ಆ ಕರುಣೆ ಇಲ್ಲ. ಬಿಸಿಯೇರಿದರೂ ಎಣ್ಣೆ ಬತ್ತಿದರೂ ಗಂಟೆ ಬಾರಿಸುತ್ತದೆಯೇ ಹೊರತು ನಿಲ್ಲುವುದಿಲ್ಲ. ವೇಗ ಮಿತಿಮೀರಿದರೆ ಮಾತ್ರ ನಿಲ್ಲುವಂತೆ ಕಟ್ಟಿರುತ್ತಾರೆ. ತಾನು ಸುಟ್ಟುಹೋದರೂ ಸರಿ, ಓಡು ಎಂಬುದೇ ಅದಕ್ಕೆ ಕಲಿಸಿದ ಪಾಠ.

ಇಷ್ಟೆಲ್ಲ ಯೋಚಿಸಿ ತಂದಿಟ್ಟ ಪಂಪು ಬೇಕಾದ ರಾತ್ರಿಯೇ ಓಡದಿದ್ದ ಕಥೆ ಪೈಪರ್ ಆಲ್ಫಾದ್ದು. ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಸುಮಾರು 190 ಕಿಲೋಮೀಟರು ದೂರ, ಉತ್ತರ ಸಮುದ್ರದಲ್ಲಿ ಆ ಪ್ಲಾಟ್‌ಫಾರಂ ಇತ್ತು. 1988ರ ಜುಲೈ 6ರ ರಾತ್ರಿ ಅಲ್ಲಿ 226 ಜನರಿದ್ದರು. ಅನಿಲದ ಜೊತೆ ಬರುವ ಕಂಡೆನ್ಸೇಟ್ ಎಂಬ ದ್ರವವನ್ನು ನೂಕುವ ಎರಡು ಪಂಪುಗಳಲ್ಲಿ ಒಂದರ ಸುರಕ್ಷಾ ವಾಲ್ವನ್ನು ರಿಪೇರಿಗೆ ಬಿಚ್ಚಿ, ಅದರ ಜಾಗಕ್ಕೆ ಒಂದು ಮುಚ್ಚಳ ಕೂರಿಸಿದ್ದರು. ಆ ಸುದ್ದಿ ಮುಂದಿನ ಪಾಳಿಯವರ ಕಿವಿಗೆ ಬೀಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಇನ್ನೊಂದು ಪಂಪು ನಿಂತಿತು. ಬಿಚ್ಚಿಟ್ಟ ಪಂಪನ್ನೇ ಚಾಲೂ ಮಾಡಿದರು. ಸೋರಿಕೆ, ಸ್ಫೋಟ, ಬೆಂಕಿ. ರಕ್ಷಣೆಗೆ ಬಂದ ಇಬ್ಬರೂ ಸೇರಿ 167 ಜನ ಸತ್ತರು, 61 ಜನ ಉಳಿದರು.

ಬೆಂಕಿಯ ಪಂಪುಗಳೇನಾದವು? ಕರೆಂಟು ಹೋಯಿತು. ಡೀಸೆಲ್ ಪಂಪು ತಾನಾಗಿ ಚಾಲೂ ಆಗುವಂಥದ್ದೇ, ಆದರೆ ಅದನ್ನು ಕೈಯಿಂದ ಮಾತ್ರ ಚಾಲೂ ಆಗುವಂತೆ ತಿರುಗಿಸಿಟ್ಟಿದ್ದರು. ಅದನ್ನು ಹೇಗಾದರೂ ಮುಟ್ಟೋಣವೆಂದು ಉಸಿರಾಟದ ಉಪಕರಣ ಕಟ್ಟಿಕೊಂಡು ಹೊಗೆಯೊಳಗೆ ಹೋದ ಇಬ್ಬರು ಮರಳಲಿಲ್ಲ.

ಯಾಕೆ ಹಾಗೆ ತಿರುಗಿಸಿಟ್ಟಿದ್ದರು? ಸೋಮಾರಿತನದಿಂದಲ್ಲ, ಕರುಣೆಯಿಂದ. ಕೆಳಗೆ ಡೈವರುಗಳು ನೀರಿಗಿಳಿದು ಕೆಲಸ ಮಾಡುತ್ತಿದ್ದರು. ಪಂಪು ಏಕಾಏಕಿ ಓಡಿದರೆ ನೀರಿನ ಸೆಳೆತಕ್ಕೆ ಮನುಷ್ಯ ಸಿಕ್ಕಿಕೊಂಡಾನು ಎಂಬ ಭಯ. ಆ ಭಯವನ್ನು ನಾನು ಹಗುರಾಗಿ ಕಾಣಲಾರೆ. ಡೈವರನಿಗೆ ಮುಖವಿದೆ, ಬೆಳಿಗ್ಗೆ ಜೊತೆಗೆ ತಿಂಡಿ ತಿಂದವನು ಅವನು. ಬೆಂಕಿಯೋ ಇನ್ನೂ ಬಾರದ್ದು, ಅದರಲ್ಲಿ ಸಾಯಬಹುದಾದವರಿಗೆ ಇನ್ನೂ ಮುಖವಿಲ್ಲ. ನಮ್ಮ ಕರುಣೆ ಮುಖವಿರುವವರ ಕಡೆಗೇ ಹರಿಯುತ್ತದೆ.

ಇಂಗ್ಲೆಂಡಿನ ತತ್ತ್ವಜ್ಞಾನಿ ಫಿಲಿಪಾ ಫುಟ್ ಎಂಬಾಕೆ 1967ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಹತೋಟಿ ತಪ್ಪಿದ ಟ್ರಾಮಿನ ಒಗಟು ಬರುತ್ತದೆ. ಒಂದು ಹಳಿಯ ಮೇಲೆ ಐವರು, ಇನ್ನೊಂದರ ಮೇಲೆ ಒಬ್ಬ. ಚಾಲಕ ಯಾವ ಕಡೆ ತಿರುಗಿಸಬೇಕು? ಪೈಪರ್ ಆಲ್ಫಾದ ಪ್ರಶ್ನೆಯೂ ಇಂಥದ್ದೇ ಎಂದು ತೋರುತ್ತದೆ: ಒಬ್ಬ ಡೈವರನೋ, ಇನ್ನೂರು ಜನವೋ? ಒಗಟು ಒಗಟಾಗಿ ಬೆಲೆಯುಳ್ಳದ್ದೇ. ಆದರೆ ಬದುಕಿನಲ್ಲಿ ಅದು ಎದುರಾದಾಗ ನನಗೆ ಮೊದಲು ಕೇಳಬೇಕೆನಿಸುವುದು ಬೇರೆ: ಬ್ರೇಕು ಸವೆದಿದೆ ಎಂದು ನಿನ್ನೆ ಯಾರಿಗೂ ತಿಳಿದಿರಲಿಲ್ಲವೆ? ಹೆಂಗಸರಿಗೆ ಈ ಬಗೆಯ ಪ್ರಶ್ನೆ ಹೊಸದಲ್ಲ. ತಿಂಗಳ ಕೊನೆಗೆ ಉಳಿದ ನೂರು ರೂಪಾಯಿ ಕೈಗಿಟ್ಟು, ಅತ್ತೆಯ ಔಷಧಿಯೋ ಮಗಳ ಪುಸ್ತಕವೋ ನೀನೇ ನೋಡಿಕೋ ಎನ್ನುತ್ತಾರೆ. ಉಳಿದದ್ದು ನೂರೇ ಯಾಕೆ ಎಂಬುದು ಯಾವಾಗಲೋ ತೀರ್ಮಾನವಾಗಿರುತ್ತದೆ, ಅಲ್ಲಿ ಅವಳನ್ನು ಯಾರೂ ಕರೆದಿರುವುದಿಲ್ಲ. ಕೊನೆಗೆ ಕಲ್ಲುಮನಸ್ಸಿನವಳು ಎಂಬ ಹೆಸರು ಮಾತ್ರ ಅವಳಿಗೆ.

ಹಿತ್ತಲ ಬಾವಿಯನ್ನೇ ನೋಡಿ. ಮಗು ಬಿದ್ದೀತೆಂದು ಬಾವಿಯನ್ನೇ ಮುಚ್ಚಿಸಿದರೆ ನೀರಿಲ್ಲ, ತೆರೆದಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಹಿರಿಯರು ಕಟ್ಟೆ ಎತ್ತರಿಸಿದರು, ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದರು. ಮಗುವೋ ನೀರೋ ಎಂದು ಚರ್ಚೆಗೆ ಕೂರಲಿಲ್ಲ.

ಪೈಪರ್ ಆಲ್ಫಾಕ್ಕೂ ಅಂಥ ಜಾಲರಿ ಇತ್ತು, ಕಾಗದದ ಮೇಲೆ. ಪಂಪು ನೀರೆಳೆಯುವ ಬಾಯಿಯ ಹತ್ತಿರ ಡೈವರುಗಳಿದ್ದಾಗ ಮಾತ್ರ ಅದನ್ನು ಕೈಚಾಲನೆಗೆ ಹಾಕಿ, ಮಿಕ್ಕ ಹೊತ್ತು ತಾನಾಗಿ ಓಡುವಂತೆ ಬಿಡಿ ಎಂದು 1983ರ ಒಂದು ತಪಾಸಣೆ ಹೇಳಿತ್ತು. ಅದೇ ಕಂಪೆನಿಯ ನೆರೆಯ ಪ್ಲಾಟ್‌ಫಾರಂ ಕ್ಲೇಮೋರಿನಲ್ಲಿ ಹಾಗೇ ನಡೆಯುತ್ತಿತ್ತು. ಪೈಪರಿನಲ್ಲಿ ಮಾತ್ರ ಡೈವರ್ ನೀರಿಗಿಳಿದನೆಂದರೆ, ಎಲ್ಲೇ ಇಳಿಯಲಿ, ಪಂಪು ಕೈಚಾಲನೆಗೆ.

ಆ ರಾತ್ರಿ ಪಂಪು ಓಡಿದ್ದರೆ ಎಲ್ಲರೂ ಬದುಕುತ್ತಿದ್ದರು ಎನ್ನಲಾರೆ. ಅಕ್ಕಪಕ್ಕದ ಪ್ಲಾಟ್‌ಫಾರಂಗಳಿಂದ ಬರುವ ದೊಡ್ಡ ಕೊಳವೆಗಳು ಒಡೆದು ಅನಿಲ ಉರಿಗೆ ಸುರಿಯುತ್ತಿತ್ತು. ನೀರು ಚಿಮ್ಮುವ ತೂತುಗಳೇ ತುಕ್ಕಿನಿಂದ ಕಟ್ಟಿಕೊಂಡಿದ್ದವು. ಲಾರ್ಡ್ ಕಲ್ಲೆನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು, 106 ಶಿಫಾರಸುಗಳೊಂದಿಗೆ.

ಆದರೆ 1983ರ ಆ ಸಲಹೆಗೆ ಹೊಸ ಪಂಪು ಬೇಕಿರಲಿಲ್ಲ, ಹೆಚ್ಚು ಹಣವೂ ಬೇಕಿರಲಿಲ್ಲ. ಡೈವರು ನೀರಿಗಿಳಿಯುವ ಮುಂಚೆ ಪ್ರತಿಸಲವೂ ಒಬ್ಬರು ಅವನನ್ನು ಕೇಳಬೇಕಿತ್ತು: ಇವತ್ತು ಯಾವ ಕಡೆ ಇಳಿಯುತ್ತೀಯಪ್ಪಾ?