ರಜಸ್ಸೂತಕದ ಪ್ರಶ್ನೆ

ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಪಾತ್ರದಲ್ಲಿ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪವಿದೆ. ಕಲ್ಯಾಣದ ವಿಪ್ಲವದ ತರುವಾಯ ಉಳವಿಯತ್ತ ಹೊರಟ ಶರಣರು ಈ ಸೀಮೆಯನ್ನು ಹಾಯ್ದೇ ಹೋದರೆಂದೂ, ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ ಐತಿಹ್ಯವು ಹೇಳುತ್ತದೆ. ಶರಣರ ನೆನಪು ಇಷ್ಟು ಗಾಢವಾಗಿ ಉಳಿದಿರುವ ನೆಲದಲ್ಲಿ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆಯನ್ನು ಧರಿಸಿದ ಹನ್ನೆರಡು ಹದಿಮೂರರ ಹುಡುಗಿ ಮೊದಲ ಸಲ ಮುಟ್ಟಾದಾಗ, ಅವಳಿಗೊಂದು ಚಾಪೆ, ಒಂದು ತಾಟು, ಒಂದು ತಂಬಿಗೆಯನ್ನು ಬೇರೆಯಾಗಿ ತೆಗೆದಿಟ್ಟು, ದೇವರಮನೆಯ ಹೊಸ್ತಿಲನ್ನು ತುಳಿಯಬೇಡವೆಂದು ಅಪ್ಪಣೆಮಾಡಿ, ಪಡಸಾಲೆಯ ಮೂಲೆಯಲ್ಲಿ ಕೂಡಿಸುವ ರೂಢಿಯು ಅದೆಷ್ಟೋ ಮನೆಗಳಲ್ಲಿ ನಡೆದುಬಂದುದೇಕೆಂಬುದು ಧರ್ಮಜಿಜ್ಞಾಸೆಯುಳ್ಳವರು ಕೇಳಿಕೊಳ್ಳತಕ್ಕ ಪ್ರಶ್ನೆ.

ಈ ವಿಷಯದಲ್ಲಿ ಧರ್ಮದ ನಿಲುವೇನೂ ಸಂದಿಗ್ಧವಾದುದಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲವೆಂಬುದು ಶರಣಧರ್ಮದ ಪ್ರಸಿದ್ಧ ಸಿದ್ಧಾಂತ; ಆದುದರಿಂದ ಮುಟ್ಟಿನ ದಿನಗಳಲ್ಲಿಯೂ ಹೆಣ್ಣು ಲಿಂಗಪೂಜೆಯನ್ನು ಬಿಡಬೇಕಾದುದಿಲ್ಲ. ಸ್ಮೃತಿಗಳು ರಜಸ್ವಲೆಯನ್ನು ಮುಟ್ಟಬಾರದವಳೆಂದು ವಿಧಿಸಿದ್ದ ಕಾಲದಲ್ಲಿ ಇಂಥದೊಂದು ಮಾತನ್ನು ಆಡಿದುದು ಸಾಮಾನ್ಯ ಧೈರ್ಯವಲ್ಲ. ಆದರೂ ಮನೆಯ ಹಿರಿಯಳೊಬ್ಬಳು “ಕೊರಳಾಗ ಲಿಂಗ ಇದ್ದಾಕಿಗಿ ಎಲ್ಲಿ ಸೂತಕ ತಂಗಿ?” ಎಂದವಳು, ಆ ಮಾತು ಮುಗಿಯುವುದರೊಳಗಾಗಿಯೇ “ಐದು ದಿನ ಉಪ್ಪಿನಕಾಯಿ ಭರಣಿ ಮುಟ್ಟಬ್ಯಾಡ” ಎನ್ನುವುದನ್ನು ಕೇಳದವರು ಬೈಲಹೊಂಗಲದ ಕಡೆ ವಿರಳವೆಂದೇ ಹೇಳಬೇಕು.

ಇದನ್ನು ಜನರ ಅಜ್ಞಾನವೆಂದೋ ಆಚಾರಲೋಪವೆಂದೋ ತಳ್ಳಿಹಾಕುವುದು ಸುಲಭ. ನನಗೆ ತೋರುವ ಕಾರಣ ಬೇರೆಯಾಗಿದೆ. ಲಿಂಗವನ್ನು ಧರಿಸಿದವಳಿಗೆ ರಜಸ್ಸೂತಕವಿಲ್ಲವೆಂದಾಗ ಅವಳಿಗೆ ದೊರೆಯುವುದು ಒಂದು ವಿನಾಯಿತಿ. ಲಿಂಗದ ಮಹಿಮೆಯಿಂದ ಅಶೌಚವು ಅವಳನ್ನು ತಟ್ಟಲಾರದು ಎಂಬುದು ಅದರ ಅರ್ಥವೇ ಹೊರತು, ಆ ರಕ್ತದಲ್ಲಿ ಅಶೌಚವೇ ಇಲ್ಲವೆಂದಲ್ಲ. ಎಲ್ಲರ ಹುಟ್ಟಿಗೂ ದಾರಿಯೊಂದೇ ಎಂಬ ತರ್ಕದಿಂದ ಕುಲದ ಹೆಮ್ಮೆಯನ್ನು ಮುರಿದ ಬಸವಣ್ಣನವರು ಈ ಎರಡನೆಯ ಅರ್ಥದ ಸಮೀಪಕ್ಕೆ ಬಂದವರೇ ಸರಿ. ಆದರೆ ಮನೆಮಾತಾಗಿ ಉಳಿದುದು ವಿನಾಯಿತಿ ಮಾತ್ರ. ವಿನಾಯಿತಿಯೆಂಬುದು ಶ್ರದ್ಧೆಯ ಬಲದ ಮೇಲೆ ನಿಂತಿರುತ್ತದೆಯಾಗಿ, ಶ್ರದ್ಧೆ ಸಡಿಲವಾದ ದಿನ ಹಳೆಯ ಭಯವು ತನ್ನ ಜಾಗಕ್ಕೆ ತಾನೇ ಮರಳಿ ಬರುತ್ತದೆ. ಅದನ್ನು ಬೇರುಸಹಿತ ಕೀಳಬೇಕಾದರೆ ಆ ರಕ್ತವೆಂದರೇನು, ಅದು ಎಲ್ಲಿಂದ ಬಂತು ಎಂಬ ಕಾರಣಜ್ಞಾನ ಬೇಕು.

ಕಾರಣವಾದರೋ ಸರಳವಾಗಿದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13ರ ವಯಸ್ಸಿನೊಳಗೆ, ಮೆದುಳಿನಲ್ಲಿರುವ ಹೈಪೊಥಲಮಸ್ ಎಂಬ ಭಾಗವು ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಆ ಗ್ರಂಥಿಯ ರಸಗಳು ಅಂಡಾಶಯವನ್ನು ಮುಟ್ಟುತ್ತವೆ. ಅಂಡಾಶಯದಿಂದ ಹೊರಟ ಈಸ್ಟ್ರೋಜನ್ ಎದೆಯನ್ನು ಬೆಳೆಸಿ, ಎತ್ತರವನ್ನು ಏರಿಸಿ, ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತದೆ. ಬರಬಹುದಾದ ಪಿಂಡದ ಪೋಷಣೆಗೆಂದು ಸಿದ್ಧವಾದ ಆ ಪದರವು ಪಿಂಡ ನಿಲ್ಲದಾಗ ಕಳಚಿ ಹೊರಬೀಳುವುದೇ ಮುಟ್ಟು. ಒಂದು ಸಲಕ್ಕೆ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರಿನಷ್ಟು. 80ನ್ನು ಮೀರಿದರೆ ವೈದ್ಯರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ಅದು 21 ದಿನಕ್ಕೆ ಬರಬಹುದು, 45 ದಿನಕ್ಕೂ ಬರಬಹುದು. ಅದಕ್ಕಾಗಿ ಹರಕೆ ಹೊರಬೇಕಾದುದಿಲ್ಲ. ಹಿತ್ತಲಿನಲ್ಲಿ ಹಳೆಯ ಸೀರೆಯ ಮರೆಯಲ್ಲಿ ನೆರಳಿಗೆ ಒಣಹಾಕಿದ ಬಟ್ಟೆ ಅರ್ಧ ಹಸಿಯಾಗಿಯೇ ಮತ್ತೆ ಮೈಗೆ ಬರುವುದರಲ್ಲಿ ಅಪಾಯವಿದೆ, ರಕ್ತದಲ್ಲಿಲ್ಲ. ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಆ ಬಟ್ಟೆಯೂ ಶುದ್ಧವೇ.

ಶರೀರದ ಕುರುಹನ್ನು ಕಾರಣದಿಂದ ತಿಳಿಯದೆ ಆಜ್ಞೆಯೆಂದು ಓದಿದಾಗ ಏನಾಗುತ್ತದೆಂಬುದನ್ನು ಸವದತ್ತಿಯ ಯಲ್ಲಮ್ಮನ ಗುಡ್ಡ ಬಲ್ಲುದು. ಬಾಚದೆ, ಎಣ್ಣೆ ಕಾಣದೆ, ತೊಳೆಯದೆ ಗಂಟುಬಿದ್ದ ಹುಡುಗಿಯ ಕೂದಲನ್ನು ಕಂಡು “ಜಡಿ ಬಂತು, ತಾಯಿ ಕರದಾಳ” ಎಂದರು. ಎಷ್ಟೋ ಹುಡುಗಿಯರಿಗೆ ಮೈನೆರೆಯುವ ಮುನ್ನವೇ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸಿದರು. ಮೈನೆರೆದೊಡನೆ ಆ ಮೈಯ ಮೇಲೆ ಊರ ಉಳ್ಳವರು ಹಕ್ಕು ನಡೆಸಿದರು. ದೇವಿಯ ಹೆಸರಿನಲ್ಲಿ ನಡೆದ ಈ ಅನ್ಯಾಯಕ್ಕೆ ಬಡತನವೂ ಜಾತಿಯೂ ಕಾರಣವಾದುವೆಂಬುದು ನಿಜ. ಆದರೆ ಅವುಗಳಿಗೆ ಪುಣ್ಯದ ಮುಖವಾಡವನ್ನು ಒದಗಿಸಿದುದು ಮೈಯ ಬಗೆಗಿನ ಈ ತಪ್ಪು ಓದು. ಈ ಪದ್ಧತಿಯನ್ನು ತಡೆಯಲು 1934ರಲ್ಲಿ ಮುಂಬಯಿ ಇಲಾಖೆಯ ಕಾಯಿದೆ ಬಂತು, 1982ರಲ್ಲಿ ಕರ್ನಾಟಕದ ಕಾಯಿದೆ ಬಂತು. ಜಡೆಯನ್ನು ಕತ್ತರಿಸಿ ತಲೆ ತೊಳೆದು, ದೇವಿ ಮುನಿಯಲಿಲ್ಲವೆಂಬುದನ್ನು ಕಣ್ಣಿಗೆ ತೋರಿಸಿಕೊಟ್ಟ ಕಾರ್ಯಕರ್ತೆಯರು ಮಾಡಿದ ಕೆಲಸವನ್ನು ಮಾತ್ರ ಯಾವ ಕಾಯಿದೆಯೂ ಮಾಡಲಾರದಾಗಿತ್ತು.

ಇದು ಗುಡ್ಡದ ಜೋಗತಿಯರಿಗೆ ಮಾತ್ರ ಸಂಬಂಧಿಸಿದುದೆಂದು ಮೇಲಿನ ಜಾತಿಗಳವರು ಸಮಾಧಾನ ಪಡಬೇಕಾದುದಿಲ್ಲ. 1891ರಲ್ಲಿ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಕಾಯಿದೆ ಬಂದಾಗ, ಮೊದಲ ಋತುವಿನೊಡನೆ ಗರ್ಭಾಧಾನವಾಗಬೇಕೆಂಬ ಶಾಸ್ತ್ರಕ್ಕೆ ಭಂಗ ಬಂತೆಂದು ವಿದ್ವಾಂಸರೇ ಗದ್ದಲವೆಬ್ಬಿಸಿದರು. ಅಲ್ಲಿಯೂ ಮೈಯ ಕುರುಹು ಆಜ್ಞೆಯೇ: ಒಂದೆಡೆ ಗುಡ್ಡಕ್ಕೆ ನಡೆಯೆಂದಿತು, ಇನ್ನೊಂದೆಡೆ ಗಂಡನ ಕೋಣೆಗೆ ನಡೆಯೆಂದಿತು. ಮುಟ್ಟು ಬಂದ ಮಾತ್ರಕ್ಕೆ ಹನ್ನೆರಡರ ಹುಡುಗಿಯ ಸೊಂಟದ ಎಲುಬು ಹೆರಿಗೆಗೆ ಬೇಕಾದಷ್ಟು ಬೆಳೆದಿರುವುದಿಲ್ಲವೆಂಬ ವೈದ್ಯಸತ್ಯವು ಎರಡು ಪಕ್ಷಗಳಿಗೂ ಬೇಡವಾಗಿತ್ತು.

ಗಂಡುಹುಡುಗರ ವಿಷಯದಲ್ಲಿ ನಮ್ಮಲ್ಲಿ ಸೂತಕವೂ ಇಲ್ಲ, ಆರತಿಯೂ ಇಲ್ಲ, ಮಾತೂ ಇಲ್ಲ. 9ರಿಂದ 14ರೊಳಗೆ ಅವನ ಬದಲಾವಣೆ ತೊಡಗಿ, ಕೆಲವು ಕಾಲದಲ್ಲಿ ಗಂಟಲಿನ ಧ್ವನಿಪೆಟ್ಟಿಗೆ ಬೆಳೆದು ದನಿ ಒಡೆಯುತ್ತದೆ. ನಿದ್ದೆಯಲ್ಲಿ ವೀರ್ಯ ಹೋಗುವುದು ಆ ವಯಸ್ಸಿನ ಸಹಜಧರ್ಮ. ಅದನ್ನು ಹೇಳುವವರಿಲ್ಲದ ಹುಡುಗನಿಗೆ ರಾಮದುರ್ಗದ ಬಸ್‌ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತೇ ಗುರುವಾಗುತ್ತದೆ. ಧಾತು ನಷ್ಟವಾಯಿತೆಂಬ ಭಯಕ್ಕೆ ಧರ್ಮವೂ ಬ್ರಹ್ಮಚರ್ಯದ ಮಾತಿನಿಂದ ಒಂದಿಷ್ಟು ಗಾಳಿ ಊದಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಶರಣ ದೇವರ ದಾಸಿಮಯ್ಯನು ಯೌವನದಲ್ಲಿ ಮೈಮೇಲೆ ಮೂಡುವ ಕುರುಹುಗಳನ್ನೇ ಹೆಸರಿಸಿ, ಅವುಗಳಿಂದ ಆತ್ಮನು ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗದೆಂದು ಬಸವಣ್ಣನವರಿಗಿಂತ ಮುಂಚೆಯೇ ಹೇಳಿದ್ದನು. ಆ ವಚನವನ್ನು ನಾವು ಸಭೆಗಳಲ್ಲಿ ಹಾಡುತ್ತೇವೆ. ಆ ಕುರುಹುಗಳ ಹೆಸರನ್ನು ಮಕ್ಕಳೆದುರು ಎತ್ತಲು ಮಾತ್ರ ನಾಚುತ್ತೇವೆ. ಶರಣನಿಗೆ ಇಲ್ಲದ ಸಂಕೋಚ ನಮಗೇಕೆ ಬಂತೋ!

ಎಂಟನೆಯ ತರಗತಿಯ ವಿಜ್ಞಾನಪುಸ್ತಕದಲ್ಲಿ ಹದಿಹರೆಯವನ್ನು ಕುರಿತ ಪಾಠವಿದೆ. ಅದನ್ನು “ಮನ್ಯಾಗ ಓದಕೋರಿ” ಎಂದು ದಾಟಿಸುವ ಮಾಸ್ತರರೂ ಇದ್ದಾರೆ, ಬಾಗಿಲು ಹಾಕಿ ಹುಡುಗಿಯರಿಗಷ್ಟೇ ಹೇಳುವ ಅಕ್ಕೋರೂ ಇದ್ದಾರೆ. ಚೆನ್ನಾಗಿ ಹೇಳಿದರೂ ಆ ವೇಳೆಗೆ ಅನೇಕರಿಗೆ ಮೊದಲ ಮುಟ್ಟು ಬಂದು ಹೋಗಿರುತ್ತದೆ. ಚಾಪೆಯ ಮೇಲೆ ಕುಳಿತ ದಿನ ಕಲಿತುದನ್ನು ಪುಸ್ತಕವು ತರುವಾಯ ಅಳಿಸಬೇಕಾಗುತ್ತದೆ. ಎದೆ ಮೂಡತೊಡಗಿದ ಮೇಲೆ ಮುಟ್ಟು ಬರಲು ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಮೆಯಿಲ್ಲದ ಅವಧಿಯಿರುತ್ತದೆಯಾದ್ದರಿಂದ, ತಾಯಿಗೂ ಶಾಲೆಗೂ ಹೇಳಲು ಕಾಲ ಸಾಲದೆಂಬ ನೆಪವಿಲ್ಲ. ಐದನೆಯ ತರಗತಿಯಲ್ಲಿಯೇ, ಹುಡುಗ ಹುಡುಗಿಯರಿಬ್ಬರಿಗೂ, ಒಂದೇ ಕೋಣೆಯಲ್ಲಿ ಆ ಪಾಠವಾಗಲಿ. ಮಠದ ಸ್ವಾಮಿಗಳು ಪಂಚಸೂತಕದ ವಿಚಾರ ಹೇಳುವ ದಿನ ವೈದ್ಯೆಯೊಬ್ಬಳನ್ನೂ ಅದೇ ವೇದಿಕೆಗೆ ಕರೆಯಲಿ.