ನಾಲ್ಕು ಹೆಜ್ಜೆ ಹಿಂದೆ

ಹೊಸ ಕ್ಯಾಮೆರಾ ಹಿಡಿದು ಏಪ್ರಿಲ್‌ನಲ್ಲಿ ಹೊಸದುರ್ಗಕ್ಕೆ ಹೋಗಿದ್ದೆ. ಮಾರಿಕಣಿವೆ ಹಿನ್ನೀರು ಇಳಿದ ಬಯಲಲ್ಲಿ ಟಿಟ್ಟಿಭವೊಂದು ತಲೆ ಮೇಲೆ ಸುತ್ತುತ್ತಾ ಅರಚುತ್ತಿತ್ತು. ‘ಏನ್ ಪೋಸ್ ಗುರೂ!’ ಅಂತ ಕ್ಲಿಕ್ಕಿಸುತ್ತಲೇ ಇದ್ದೆ.

ದನ ಮೇಯಿಸುತ್ತಿದ್ದ ಅಜ್ಜ ಕೂಗಿದರು: ‘ಕಾಲ್ ನೋಡ್ಕಳಪ್ಪಾ, ಮೊಟ್ಟೆ ಅವೆ.’

ಒಂದು ಮಾರು ದೂರದಲ್ಲಿ, ಬರಿನೆಲದ ಸಣ್ಣ ಕುಳಿಯಲ್ಲಿ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹೀಗೆ ನೆಲದಲ್ಲೇ ಮೊಟ್ಟೆ ಇಡುತ್ತೆ. ಹಕ್ಕಿ ಎದ್ದಷ್ಟು ಹೊತ್ತೂ ಅವು ಬಿಸಿಲಿಗೆ ಬೇಯುತ್ತವೆ. ಹಳ್ಳಿಯಲ್ಲೇ ಬೆಳೆದ ನಾನು ಆ ಕೂಗಿನ ಅರ್ಥ ಮರೆತಿದ್ದೆ.

ಹಕ್ಕಿ ಅಂದ್ರೆ ಪ್ರೀತಿ ಅಂತಿದ್ದೆ. ಫೋಟೋ ಕೈತಪ್ಪುತ್ತೆ ಅಂತ ಹಿಂದೆ ಸರಿಯೋಕಾಗದಿದ್ದರೆ ಅದೆಂಥ ಪ್ರೀತಿ?

ಈಗ ಹಕ್ಕಿ ಕೂಗಿದರೆ ಹಿಂದಕ್ಕೆ ಹೆಜ್ಜೆ ಇಡುತ್ತೇನೆ. ಅದು ಸುಮ್ಮನಾದ ಜಾಗದಲ್ಲಿ ನಿಲ್ಲುತ್ತೇನೆ. ಅಲ್ಲಿಂದ ಹಕ್ಕಿ ಚಿಕ್ಕದಾಗಿ ಬರುತ್ತೆ. ಬರಲಿ.