ಧೂಮಪಾನ ತ್ಯಾಗ: ಜುಗುಪ್ಸೆಯೋ, ಭಾವನೆಯೋ?

ನಮ್ಮ ಶ್ರಾವಕಾಚಾರ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಆ ಗಿಡವು ಪೋರ್ಚುಗೀಸರ ಮೂಲಕ ನಮ್ಮ ನಾಡಿಗೆ ಬಂದದ್ದು ಎಷ್ಟೋ ಶತಮಾನಗಳ ಅನಂತರ. (ಅಕ್ಬರನ ದೂತ ಅಸದ್ ಬೇಗನು 1604ರ ಸುಮಾರಿನಲ್ಲಿ ಅದನ್ನು ಕಂಡು ಬಾದಶಹನ ಬಳಿಗೆ ಒಯ್ದದ್ದು ನಮ್ಮ ಬಿಜಾಪುರದಿಂದಲೇ.) ಹೆಸರಿಲ್ಲವೆಂಬ ನೆಪ ಹೇಳುವವರೊಡನೆ ವಾದ ಬೇಡ. ಕಡ್ಡಿ ಗೀರಿದೊಡನೆ ತೇಜಸ್ಕಾಯಿಕ, ವಾಯುಕಾಯಿಕ ಜೀವಗಳ ಘಾತವಾಗುತ್ತದೆ; ಪಕ್ಕದಲ್ಲಿ ಮಲಗಿದ ಮಗುವಿನ ಉಸಿರಿಗೂ ವಿಷ ಸೇರುತ್ತದೆ. ಬಿಡಬೇಕೆಂಬುದು ನಿರ್ವಿವಾದ. ವಿಚಾರಣೀಯವಾದುದು, ಬಿಡಿಸಲು ಯಾವ ಸಾಧನ ಧರ್ಮಸಮ್ಮತ ಎಂಬುದು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಕೌಟೆಲಾ 1960ರ ದಶಕದಲ್ಲಿ ಒಂದು ವಿಧಾನವನ್ನು ರೂಪಿಸಿದರು. ವ್ಯಸನಿಯು ಕಣ್ಣು ಮುಚ್ಚಿ, ಸಿಗರೇಟನ್ನು ತುಟಿಗೆ ಒಯ್ಯುವಂತೆ ಕಲ್ಪಿಸಿಕೊಳ್ಳಬೇಕು. ಒಡನೆಯೇ ಹೊಟ್ಟೆ ತೊಳಸಿ ಬಟ್ಟೆಯ ಮೇಲೆಲ್ಲ ವಾಂತಿಯಾದಂತೆ ಭಾವಿಸಬೇಕು. ಅದನ್ನು ಎಸೆದು ಹೊರಗಿನ ಶುದ್ಧ ಗಾಳಿಗೆ ಬಂದಾಗ ಹಾಯೆನಿಸಿದಂತೆ ಚಿತ್ರಿಸಿಕೊಳ್ಳಬೇಕು. ಔಷಧವಿಲ್ಲ, ದಂಡನೆಯಿಲ್ಲ, ಎಲ್ಲವೂ ಮನಸ್ಸಿನೊಳಗೇ. ಮುಂದೆ 2005ರಲ್ಲಿ ಕವನಾ, ಆಂಡ್ರೇಡ್ ಮತ್ತು ಮೇ ಎಂಬ ವಿದ್ವಾಂಸರು ಇನ್ನೊಂದು ಸಿದ್ಧಾಂತವನ್ನು ಮಂಡಿಸಿದರು. ಸೇದಬೇಕೆಂಬ ಹಂಬಲವನ್ನು ಬೆಳೆಸುವುದೇ ಚಿತ್ರಗಳು: ಹೊಗೆಯ ರುಚಿ, ಬೆರಳ ನಡುವಿನ ಸ್ಪರ್ಶ, ಎದೆಗಿಳಿಯುವ ಬಿಸಿ. ಆ ಹೊತ್ತಿಗೆ ಮನಸ್ಸನ್ನು ಬೇರೊಂದು ಸ್ಪಷ್ಟ ಚಿತ್ರದಿಂದ ತುಂಬಿದರೆ ಹಂಬಲ ನಿಲ್ಲಲು ಎಡೆ ಸಿಗದು ಎಂಬುದು ಅವರ ತಾತ್ಪರ್ಯ.

ಮೊದಲನೆಯ ವಿಧಾನದ ಬಗ್ಗೆ ನನಗೊಂದು ಆಕ್ಷೇಪವಿದೆ. ಅದು ಆಶ್ರಯಿಸುವುದು ಜುಗುಪ್ಸೆಯನ್ನು. ಜುಗುಪ್ಸೆಯಾದರೋ ಒಂಬತ್ತು ನೋಕಷಾಯಗಳಲ್ಲಿ ಒಂದು. ಒಂದು ಕಷಾಯವನ್ನು ಓಡಿಸಲು ಇನ್ನೊಂದನ್ನು ಕರೆತಂದು ಕೂರಿಸಬಹುದೇ? ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನನ್ನು ನೆನೆಯಿರಿ. ಮುನಿವೇಷದಲ್ಲಿ ಬಂದ ದೇವನು ವಾಂತಿ ಮಾಡಿದಾಗಲೂ ಆತನು ಹೇಸದೆ ಶುಶ್ರೂಷೆ ಮಾಡಿದನು. ನಾವು ಹೇಸದಿರುವುದನ್ನು ಗುಣವೆಂದು ಕಲಿತವರು. ಇಲ್ಲಿ ಹೇಸುವುದನ್ನು ಅಭ್ಯಾಸ ಮಾಡಿಸುತ್ತಾರೆ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ನಮ್ಮ ಮಂಡಿಯ ಗುಮಾಸ್ತರೊಬ್ಬರು ದಿನಕ್ಕೆ ಇಪ್ಪತ್ತು ಸಿಗರೇಟು ಸೇದುತ್ತಿದ್ದರು. ಈ ವಾಂತಿಯ ಕಲ್ಪನೆಯನ್ನು ಹದಿನೈದು ದಿನ ಸಾಧಿಸಿದರು. ಸಿಗರೇಟು ಕಡಿಮೆಯಾಯಿತು, ನಿಜ. ಆದರೆ ಬೀಡಿ ಸೇದುವ ಹಮಾಲಿಯೊಬ್ಬನು ಲೆಕ್ಕ ಒಪ್ಪಿಸಲು ಬಂದರೆ ಮುಖ ತಿರುಗಿಸತೊಡಗಿದರು. ಅವನು ತಂದುಕೊಟ್ಟ ಚಹಾ ಅವರಿಗೆ ಸೇರದಾಯಿತು. ಹೇಸಿಗೆಯು ವಸ್ತುವಿನಿಂದ ಮನುಷ್ಯನ ಮೇಲೆ ಹರಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಅಶುಚಿ ಅನುಪ್ರೇಕ್ಷೆಯೂ ಹೇಸಿಗೆಯೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಅಲ್ಲಿ ಚಿಂತನಕ್ಕೆ ವಿಷಯವಾಗುವುದು ಇರುವಂತೆಯೇ ಇರುವ ದೇಹಸ್ವರೂಪ. ಅದರ ಫಲ ದ್ವೇಷವಲ್ಲ, ವೈರಾಗ್ಯ. ಸಾಧನವಾಗಿ ಚಿತ್ರವನ್ನು ಬಳಸುವುದು ನಮ್ಮ ಆಚಾರ್ಯರಿಗೆ ಹೊಸದೂ ಅಲ್ಲ. ವ್ರತಗಳ ಸ್ಥೈರ್ಯಕ್ಕಾಗಿ ಒಂದೊಂದಕ್ಕೆ ಐದೈದು ಭಾವನೆಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುತ್ತದೆ. ಶುಭಚಂದ್ರಾಚಾರ್ಯರ ಜ್ಞಾನಾರ್ಣವದ ಪಿಂಡಸ್ಥ ಧ್ಯಾನದಲ್ಲಿ ಸಾಧಕನು ನಾಭಿಕಮಲದಿಂದ ಮೊದಲು ಹೊಗೆ, ಬಳಿಕ ಕಿಡಿ, ಬಳಿಕ ಜ್ವಾಲೆ ಏಳುವುದನ್ನು ಕಾಣುತ್ತಾನೆ. ಆ ಜ್ವಾಲೆ ಎಂಟು ದಳಗಳ ಕರ್ಮಕಮಲವನ್ನು ಸುಡುತ್ತದೆ, ಗಾಳಿ ಬೂದಿಯನ್ನು ಹಾರಿಸುತ್ತದೆ, ಮಳೆ ತೊಳೆಯುತ್ತದೆ. ಅಲ್ಲಿಯೂ ಹೊಗೆಯಿದೆ, ಆದರೆ ಯಾರ ಮೇಲೂ ಅಸಹ್ಯವಿಲ್ಲ.

ಗುಮಾಸ್ತರು ಚಿತ್ರವನ್ನು ಬದಲಿಸಿದರು. ಹಂಬಲ ಬಂದಾಗ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಬರಿಗಾಲಲ್ಲಿ ಏರತೊಡಗುವರು: ಕಾಲಡಿಯ ಬಂಡೆಯ ಕಾವು, ಒಂದೊಂದು ಮೆಟ್ಟಿಲಿಗೆ ಒಂದೊಂದು ಉಸಿರು, ಕೆಳಗೆ ಕಾಣುವ ಕಲ್ಯಾಣಿಯ ನೀರು. ಹಂಬಲದ ಉಬ್ಬರ ಸಾಮಾನ್ಯವಾಗಿ ಕೆಲವೇ ನಿಮಿಷಗಳದು. ನಲವತ್ತೆಂಟು ನಿಮಿಷ ಸಾಮಾಯಿಕಕ್ಕೆ ಕೂರಬಲ್ಲವರಿಗೆ ಅದು ದೊಡ್ಡ ಅವಧಿಯಲ್ಲ. ಅರ್ಧ ಬೆಟ್ಟ ಏರುವಷ್ಟರಲ್ಲಿ ಅದು ಇಳಿದಿರುತ್ತಿತ್ತಂತೆ. ಹಮಾಲಿಯ ಕೈಯ ಚಹಾ ಮತ್ತೆ ಸೇರಿತು.

ಆದರೆ ದಿನಕ್ಕೆ ಮೂರಕ್ಕೆ ಬಂದು ನಿಂತುಬಿಟ್ಟರು. ವ್ಯಾಪಾರಿಗಳಾದ ನಾವು ಇಪ್ಪತ್ತರಲ್ಲಿ ಒಂದು ಎಂದರೆ ನೂರಕ್ಕೆ ಐದು ಎಂದು ಲೆಕ್ಕ ಹಾಕುತ್ತೇವೆ. ಹೃದಯ ಹಾಗೆ ಲೆಕ್ಕ ಹಾಕದು. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದೇ ಒಂದನ್ನು ಸೇದುವವರಿಗೂ ಇದೆ. ಅಣುವ್ರತದಲ್ಲಿ ಅಲ್ಪತ್ಯಾಗಕ್ಕೂ ಬೆಲೆಯಿದೆ. ಅದು ಮೆಟ್ಟಿಲೇ ಹೊರತು ನಿಲ್ದಾಣವಲ್ಲ. ಉಳಿದ ಮೂರನ್ನು ಬಿಡಿಸಲು ವೈದ್ಯರು ಕೊಟ್ಟ ನಿಕೋಟಿನ್ ಚೂಯಿಂಗ್ ಗಮ್ ಬೇಕಾಯಿತು. ಅದರಲ್ಲಿ ಸಂಕೋಚಪಡುವಂಥದೇನೂ ಇಲ್ಲ, ದೇಹಕ್ಕೆ ಅಂಟಿದ್ದನ್ನು ಬಿಡಿಸಲು ದೇಹಕ್ಕೂ ನೆರವು ಬೇಕು. ಮೊದಮೊದಲು ಅಂಗಡಿ ಮುಚ್ಚುವವರೆಗೆ ಎಂದು ಕಾಲಾವಧಿಯ ನಿಯಮವಾಗಿ, ಕೊನೆಗೆ ದಶಲಕ್ಷಣ ಪರ್ವದಲ್ಲಿ ಯಾವಜ್ಜೀವ ಯಮವಾಗಿ ತ್ಯಾಗವನ್ನು ಸ್ವೀಕರಿಸಿದರು.

ವ್ಯಸನಮುಕ್ತಿ ಶಿಬಿರ ನಡೆಸುವ ಬಸದಿಯ ಟ್ರಸ್ಟಿನವರಲ್ಲಿ ಒಂದು ವಿನಂತಿ. ಪ್ರವಚನ ಮುಗಿದ ಮೇಲೆ ಅರ್ಧ ಗಂಟೆ ಇಂಥ ಭಾವನಾಭ್ಯಾಸವನ್ನು ಮಾಡಿಸಿರಿ, ಒಬ್ಬ ವೈದ್ಯರನ್ನೂ ಕರೆಯಿರಿ. ಬೀಡಿ ಸೇದುವ ಕೂಲಿಯವರಿಗೂ ಒಳಗೆ ಚಾಪೆ ಹಾಸಿರಿ.